ಓದಲು ಬಂದವರು, ಓದಲು ಹೋದವರು

ವಿಕಾರಾಬಾದಿನಿಂದ ಹೊರಟ ರೈಲು ಬೀದರ, ಭಾಲ್ಕಿಗಳನ್ನು ದಾಟಿ ಪರಳಿ ವೈಜನಾಥದ ಕಡೆಗೆ ಸಾಗುವಾಗ, ಮಹಾರಾಷ್ಟ್ರದ ಉದಗೀರಿಗೆ ಮುನ್ನ ಕಮಲನಗರವೆಂಬ ನಿಲ್ದಾಣ ಸಿಗುತ್ತದೆ. ಅದು ಗಡಿಯ ಊರು. ಸಂತೆಯ ದಿನ ಅಲ್ಲಿ ನಿಂತು ಕಿವಿಗೊಟ್ಟರೆ, ಕನ್ನಡದಲ್ಲಿ ತೊಡಗಿದ ಮಾತು ಮರಾಠಿಗೆ ಹೊರಳಿ, ದಖನಿ ಉರ್ದುವಿನಲ್ಲಿ ಮುಗಿಯುವುದು ಕೇಳಿಸುತ್ತದೆ. ಹಾಗೆ ಮಾತಾಡುವವರಿಗೆ ಅದರಲ್ಲಿ ವಿಶೇಷವೇನೂ ಕಾಣಿಸದು. ಒಂದು ಸಂಜೆ ಆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ರೈಲಿಗಾಗಿ ಕಾಯುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ರುಮಾಲಿನ ಹಿರಿಯರೊಬ್ಬರು ತಾವಾಗಿಯೇ ಮಾತಿಗೆ ತೊಡಗಿದರು. ಎಳೆಂಟು ಎಕರೆ ತೊಗರಿ, ಉದ್ದು ಬೆಳೆಯುವ ರೈತರು. ನಾನು ಪಾಠ ಹೇಳುವ ವೃತ್ತಿಯವನೆಂದು ತಿಳಿದೊಡನೆ ಅವರ ಮನಸ್ಸಿನಲ್ಲಿದ್ದದ್ದು ಹೊರಬಂತು.

“ನಮ್ಮ ಮೊಮ್ಮಗಳು ವಿಲಾಯತಿಗಿ ಹೊಂಟಾಳ್ರಿ ಸರ್. ಏನ್ ಓದ್ಲಿಕ್ಕ ಅಂದ್ರ, ಸಂಸ್ಕೃತಿ ಓದ್ಲಿಕ್ಕ ಅಂತಾಳ್ರಿ. ಡಾಕ್ಟರಕಿ ಓದ್ಲಿಕ್ಕ ಹೋಗ್ತಾರ, ಇಂಜಿನಿಯರಕಿ ಓದ್ಲಿಕ್ಕ ಹೋಗ್ತಾರ, ಅದು ತಿಳೀತದ. ಸಂಸ್ಕೃತಿ ನಮ್ಮಲ್ಲಿ ಇಲ್ಲೇನ್ರಿ?”

ನಾನು ಏನೋ ಒಂದು ಸಮಾಧಾನ ಹೇಳಿದೆ. ಅದು ಅವರಿಗೆ ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹಿಡಿಸಲಿಲ್ಲ. ಅಷ್ಟರಲ್ಲಿ ರೈಲು ಬಂತು. ಆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಬೀದರದವರೆಗೂ ಬಂದಿತು.

ಆ ಹಿರಿಯರು ಕೇಳಿದ್ದನ್ನು ಹಳ್ಳಿಯವರ ಮುಗ್ಧ ಮಾತೆಂದು ಬದಿಗೆ ಸರಿಸುವಂತಿಲ್ಲ. ಅದೇ ಪ್ರಶ್ನೆ ದೆಹಲಿಯ ಸರ್ಕಾರಿ ಕಾಗದದ ಮೇಲೂ ಮೂಡಿದ್ದುಂಟು. ಪರಿಶಿಷ್ಟ ಜಾತಿಯವರು, ಅಲೆಮಾರಿ ಬುಡಕಟ್ಟಿನವರು, ಭೂಮಿಯಿಲ್ಲದ ಕೂಲಿಕಾರರು, ಪಾರಂಪರಿಕ ಕುಶಲಕರ್ಮಿಗಳು ಇಂಥವರ ಮಕ್ಕಳು ಹೊರದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡಲೆಂದು ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೊಂದಿದೆ. 2022ನೆಯ ಇಸವಿಯಲ್ಲಿ ಅದರ ನಿಯಮಾವಳಿಗೆ ಒಂದು ಸಾಲು ಸೇರಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಮಾಜವನ್ನು ಕುರಿತ ವಿಷಯಗಳಿಗೆ ಈ ವೇತನ ದೊರೆಯದು. ಸಾಮಗ್ರಿಯೆಲ್ಲ ಇಲ್ಲೇ ಇರುವಾಗ, ತಿಳಿದವರೂ ಇಲ್ಲೇ ಇರುವಾಗ, ಅದನ್ನು ಓದಲು ಕಡಲಾಚೆಗೆ ಹೋಗುವುದೇಕೆ ಎಂಬುದು ಅದರ ಹಿಂದಿನ ವಾದ. ಕಮಲನಗರದ ಬೆಂಚಿನ ಮೇಲೆ ಕುಳಿತವರ ಮಾತೇ ಅದು. ಒಂದು ವ್ಯತ್ಯಾಸವೆಂದರೆ ಅವರು ಕೇಳಿದರು, ಇವರು ವಿಧಿಸಿದರು. ಕೇಳಿದವರಿಗಾದರೂ ಉತ್ತರ ಕೊಡುವುದು ನಮ್ಮ ಹೊಣೆ. ಆ ಉತ್ತರಕ್ಕಾಗಿ ಚರಿತ್ರೆಯನ್ನು ಹುಡುಕುತ್ತ ಹೋದರೆ, ದಾರಿ ಮೊದಲು ಇಂಗ್ಲೆಂಡಿಗೆ ಹೋಗುವುದಿಲ್ಲ. ಬೀದರ ನಗರದ ನಡುಮಧ್ಯಕ್ಕೆ ಬರುತ್ತದೆ.

ಚೌಬಾರದಿಂದ ಕೋಟೆಯ ಕಡೆಗೆ ನಡೆದರೆ ಎದುರಾಗುವ ಮಹಮೂದ್ ಗವಾನನ ಮದರಸಾವನ್ನು ನೋಡದವರು ಈ ಸೀಮೆಯಲ್ಲಿ ಕಡಿಮೆ. ನೋಡಿಯೂ ಅದೇನೆಂದು ನೆನೆಯದವರೇ ಹೆಚ್ಚು. ಗವಾನ್ ಇರಾನಿನ ಗಿಲಾನ್ ಪ್ರಾಂತದವನು. 1453ರ ಸುಮಾರಿಗೆ ವ್ಯಾಪಾರದ ನೆವದಲ್ಲಿ ದಾಭೋಳ ಬಂದರಿಗೆ ಬಂದಿಳಿದು, ಅಲ್ಲಿಂದ ಬೀದರಿಗೆ ಬಂದು, ಬಹಮನಿ ಸುಲ್ತಾನರ ವಿಶ್ವಾಸ ಗಳಿಸಿ, ಕಡೆಗೆ ಅವರ ಪ್ರಧಾನಿಯಾದ. ಆತನಿಗಿದ್ದ ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದಿಗೆ ವರ್ತಕರ ಒಡೆಯನೆಂದು ಅರ್ಥ. 1472ರಲ್ಲಿ ಪೂರ್ಣಗೊಂಡ ಮದರಸಾ, 205 ಅಡಿ ಉದ್ದ, 180 ಅಡಿ ಅಗಲದ ಮೂರಂತಸ್ತಿನ ಕಟ್ಟಡ. ವಿದ್ಯಾರ್ಥಿಗಳಿಗೆ 36 ಕೋಣೆಗಳು, ಅಧ್ಯಾಪಕರಿಗೆ 6 ವಸತಿಗಳು, ಉಪನ್ಯಾಸದ ಅಂಗಳಗಳು, ಮಸೀದಿ, ಗ್ರಂಥಭಂಡಾರ. ಮುಂಭಾಗದ ಬಣ್ಣದ ಹೆಂಚುಗಳ ಕೆಲಸ, ಎತ್ತರದ ಮಿನಾರುಗಳು, ನಾಲ್ಕು ಕಡೆಯ ಪಡಸಾಲೆಗಳು, ಎಲ್ಲವೂ ಖುರಾಸಾನದ ಮಾದರಿಯವು. ಅಲ್ಲಿನದೇ ಒಂದು ಕಟ್ಟಡವನ್ನು ತಂದು ದಖ್ಖನಿನ ಕೆಂಪು ಮಣ್ಣಿನ ಮೇಲೆ ಇಳಿಸಿದಂತಿದೆ. 1947ರಲ್ಲಿ ಪ್ರಕಟವಾದ ಬೀದರವನ್ನು ಕುರಿತ ದೊಡ್ಡ ಗ್ರಂಥದಲ್ಲಿ ಹೈದರಾಬಾದಿನ ಪುರಾತತ್ತ್ವ ಇಲಾಖೆಯ ಗುಲಾಂ ಯಜ್ದಾನಿಯವರು ಈ ಕಟ್ಟಡದ ಅಂಗಾಂಗಗಳನ್ನು ಅಳೆದು ವರ್ಣಿಸಿದ್ದಾರೆ.

ಆ ಕಾಲಕ್ಕೆ ಬೀದರವೇ ಪರದೇಶ! ಇಂದು ನಮ್ಮ ಮಕ್ಕಳು ವೀಸಾ ಹಿಡಿದು ಲಂಡನ್ನಿನಲ್ಲಿ ಇಳಿಯುವಂತೆ, ಅಂದು ಇರಾನ್, ಖುರಾಸಾನಗಳಿಂದ ಬಂದವರು ಈ ಕೋಣೆಗಳಲ್ಲಿ ಗಂಟು ಇಳಿಸಿದರು. ಗವಾನ್ ಒಳ್ಳೆಯ ಪತ್ರಲೇಖಕ. ಅವನ ಪತ್ರಗಳ ಸಂಗ್ರಹ ಇಂದಿಗೂ ಉಳಿದಿದೆ. ಹೆರಾತಿನ ಮಹಾಕವಿ ಜಾಮಿಗೆ ಬೀದರಿಗೆ ಬನ್ನಿರೆಂದು ಅವನು ಬರೆದ. ಜಾಮಿ ಆದರದ ಉತ್ತರ ಕೊಟ್ಟನೇ ಹೊರತು ಬರಲಿಲ್ಲ. ದೊಡ್ಡ ಹೆಸರಿನವರನ್ನು ಹೊಸ ವಿದ್ಯಾಪೀಠಕ್ಕೆ ಕರೆದು, ಬಾರದಿದ್ದಾಗ ಇದ್ದವರಿಂದಲೇ ಕೆಲಸ ನಡೆಸುವ ಪಾಡು ಇಂದಿನ ಕುಲಪತಿಗಳಿಗೆ ಹೊಸದಲ್ಲ ಎನ್ನಬೇಕು.

ಇಷ್ಟಾದರೂ ಆ ಮದರಸಾಕ್ಕೆ ಒಂದು ಮಿತಿಯಿತ್ತು. ಅಲ್ಲಿನ ವಿದ್ಯೆಯ ಭಾಷೆ ಅರಬ್ಬಿ ಮತ್ತು ಪಾರಸಿ. ಕೋಟೆಯ ಹೊರಗೆ ಹೊಲ ಉಳುವವರ ಭಾಷೆ ಕನ್ನಡ, ಮರಾಠಿ, ತೆಲುಗು. ದರ್ಬಾರಿನಲ್ಲಿ ಹೊರಗಿನಿಂದ ಬಂದ ‘ಆಫಾಕಿ’ಗಳಿಗೂ ಇಲ್ಲೇ ಬೇರೂರಿದ ‘ದಖ್ಖನಿ’ಗಳಿಗೂ ನಡುವೆ ಹಗೆ ಬೆಳೆಯುತ್ತಿತ್ತು. ಎರಡು ಪಕ್ಷಗಳನ್ನೂ ತೂಗಿಸಿಕೊಂಡು ಹೋಗಲು ಗವಾನ್ ಯತ್ನಿಸಿದ, ಆಗಲಿಲ್ಲ. ಅವನ ಮುದ್ರೆಯೊತ್ತಿದ ಖಾಲಿ ಕಾಗದವೊಂದನ್ನು ವಿರೋಧಿಗಳು ದೊರಕಿಸಿಕೊಂಡು, ಒರಿಸ್ಸಾದ ಅರಸನಿಗೆ ಬರೆದ ದ್ರೋಹದ ಪತ್ರವನ್ನು ಅದರಲ್ಲಿ ಸೃಷ್ಟಿಸಿ ಸುಲ್ತಾನನ ಮುಂದಿಟ್ಟರು. 1481ರ ಏಪ್ರಿಲಿನಲ್ಲಿ ಆ ವೃದ್ಧ ಪ್ರಧಾನಿಯ ತಲೆ ಉರುಳಿತು. ಪತ್ರಗಳಿಂದ ಹೆಸರು ಗಳಿಸಿದವನು ತಾನು ಬರೆಯದ ಪತ್ರದಿಂದ ಸತ್ತ. ಪರಸ್ಥಳದವನು, ನಮ್ಮವನು ಎಂಬ ಭೇದವನ್ನು ಯಾವ ಮದರಸಾವೂ ಅಳಿಸಲಾರದೆಂಬುದಕ್ಕೆ ಅದನ್ನು ಕಟ್ಟಿದವನೇ ಸಾಕ್ಷಿಯಾದ. ಕಟ್ಟಡ ಮಾತ್ರ ಇನ್ನೂ ಎರಡು ಶತಮಾನ ನಿಂತಿತ್ತು. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಒಂದು ಪಾರ್ಶ್ವವೂ ಒಂದು ಮಿನಾರೂ ಹಾರಿಹೋದವು.

ಮದರಸಾದ ಗೋಡೆಗಳು ಏಳುತ್ತಿದ್ದ ಆ ವರ್ಷಗಳಲ್ಲೇ ಬೀದರಿನಲ್ಲಿ ಇನ್ನೊಬ್ಬ ಪರದೇಶಿ ಇದ್ದ. ಅವನಿಗೆ ಕೋಣೆಯೂ ಇರಲಿಲ್ಲ, ಗುರುವೂ ಇರಲಿಲ್ಲ. ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. ಮೂರು ಸಮುದ್ರಗಳಾಚೆಗಿನ ತನ್ನ ಪ್ರಯಾಣದ ಟಿಪ್ಪಣಿಗಳಿಂದ ಅವನು ಪ್ರಸಿದ್ಧನಾಗಿದ್ದಾನೆ. ದಾರಿಯಲ್ಲಿ ವೋಲ್ಗಾ ನದಿಯ ಮೇಲೆ ತಾತಾರರು ಅವನನ್ನು ದೋಚಿದ್ದರು; ಸರಕಿನೊಂದಿಗೆ ಪುಸ್ತಕಗಳೂ ಹೋದವು. ಮಾರಲೆಂದು ಒಂದು ಕುದುರೆಯನ್ನು ಹಡಗಿನಲ್ಲಿ ತಂದಿದ್ದ. ಜುನ್ನರಿನ ಅಧಿಕಾರಿ ಅದನ್ನೂ ಕಿತ್ತುಕೊಂಡು, ಇಸ್ಲಾಮಿಗೆ ಸೇರಿದರೆ ಮಾತ್ರ ಹಿಂದಿರುಗಿಸುವೆನೆಂದ. ಖುರಾಸಾನದ ಪುಣ್ಯಾತ್ಮನೊಬ್ಬ ನಡುವೆ ಬಂದು ಬಿಡಿಸಿಕೊಟ್ಟ. ಕಡೆಗೆ ಬೀದರ ಸೇರಿ ಆ ಕುದುರೆಯನ್ನು ಮಾರಿದ.

ನಿಕಿತಿನ್ ಇಲ್ಲಿ ಏನು ಕಲಿತ, ಹೇಗೆ ಕಲಿತ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರು ಇಟ್ಟುಕೊಂಡು ತಿರುಗುತ್ತಿದ್ದವನು, ಬೀದರದಲ್ಲಿ ಹಲವು ಹಿಂದೂಗಳ ಪರಿಚಯವಾದ ಮೇಲೆ ತಾನು ಮುಸಲ್ಮಾನನಲ್ಲ, ಕ್ರೈಸ್ತನೆಂದು ಅವರಿಗೆ ಹೇಳಿಬಿಟ್ಟ. ಆಮೇಲೆ ಅವರು ತಮ್ಮ ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ, ಮನೆಯ ಹೆಂಗಸರನ್ನಾಗಲಿ ಅವನಿಂದ ಮರೆಮಾಡಲಿಲ್ಲವಂತೆ. ತನ್ನ ಗುಟ್ಟನ್ನು ಬಿಟ್ಟುಕೊಟ್ಟವನಿಗೆ ಅವರು ತಮ್ಮ ಬಾಗಿಲು ತೆರೆದರು. ಅವರ ಜೊತೆಯಲ್ಲಿ ಅವನು ‘ಪರ್ವತ’ಕ್ಕೆ, ಎಂದರೆ ಶ್ರೀಶೈಲಕ್ಕೆ, ಶಿವರಾತ್ರಿಯ ಜಾತ್ರೆಗೆ ಹೋದ. ಜಾತಿ ಜಾತಿಗಳ ನಡುವೆ ಊಟದ ಕಟ್ಟುಪಾಡು, ದೇವರ ಮುಂದೆ ತಲೆ ಬೋಳಿಸುವುದು, ಎತ್ತಿನ ಗೌರವ, ಎಲ್ಲವನ್ನೂ ಬರೆದುಕೊಂಡ. ಸುಲ್ತಾನನ ಮೆರವಣಿಗೆಯ ಆನೆಗಳನ್ನೆಣಿಸಿದ ಕಣ್ಣೇ, ದೊರೆಗಳ ಐಶ್ವರ್ಯದ ಪಕ್ಕದಲ್ಲಿ ಹಳ್ಳಿಯವರ ಬಡತನವನ್ನೂ ಕಂಡಿತು. ಈಚಿನವರು ಕ್ಷೇತ್ರಕಾರ್ಯವೆಂದು ಕರೆಯುವ ವಿದ್ಯೆ ಇದೇ ಅಲ್ಲವೆ?

ಅದಕ್ಕೆ ಅವನು ತೆತ್ತ ಬೆಲೆಯೂ ಇದೆ. ಪುಸ್ತಕಗಳು ಕಳೆದುಹೋಗಿದ್ದರಿಂದ ತನ್ನ ಧರ್ಮದ ಹಬ್ಬ ಯಾವ ದಿನ, ಉಪವಾಸ ಯಾವಾಗ ಎಂಬುದು ನಿಕಿತಿನ್ನನಿಗೆ ತಿಳಿಯದಾಯಿತು. ಬುಧವಾರ ಯಾವುದು, ಶುಕ್ರವಾರ ಯಾವುದು ಎಂದು ಪರದಾಡಿದ. ಈಸ್ಟರ್ ಹಬ್ಬದ ದಿನವನ್ನು ಊಹೆಯಿಂದ ಗೊತ್ತುಮಾಡಿಕೊಂಡ. ಅವನ ಟಿಪ್ಪಣಿಗಳಲ್ಲಿ ನಡುನಡುವೆ ರಷ್ಯನ್ ಭಾಷೆ ಬಿಟ್ಟುಹೋಗಿ ತುರ್ಕಿ, ಪಾರಸಿ, ಅರಬ್ಬಿ ಬೆರೆತ ವ್ಯಾಪಾರದ ಭಾಷೆ ಬರುತ್ತದೆ. ಕಡೆಯ ಪ್ರಾರ್ಥನೆ ಕೂಡ ಹಾಗೆಯೇ ಇದೆ. ಪರರ ಸಂಸ್ಕೃತಿಯನ್ನು ಓದಲು ಹೋದವನ ಕೈಯಿಂದ ಮೊದಲು ಜಾರಿದ್ದು ತನ್ನ ಪಂಚಾಂಗ. ಅವನು ತ್ವೇರನ್ನು ಮತ್ತೆ ನೋಡಲಿಲ್ಲ. ದಾರಿಯಲ್ಲಿ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ.

ಹೀಗೆ ಒಂದೇ ಊರಿನಲ್ಲಿ, ಒಂದೇ ದಶಕದಲ್ಲಿ ಎರಡು ಬಗೆಯ ಓದು ನಡೆದಿತ್ತು. ಮದರಸಾದ ಒಳಗೆ ಗ್ರಂಥಗಳ ಓದು. ಹೊರಗೆ ಜನದ ಓದು. ಸಂಸ್ಕೃತಿ ಎಂಬ ಮಾತಿಗೆ ನಾವು ಬಹುಕಾಲ ಮೊದಲನೆಯದನ್ನೇ ಅರ್ಥವಾಗಿ ಇಟ್ಟುಕೊಂಡಿದ್ದೆವು. ಎರಡನೆಯದೂ ಒಂದು ಓದೆಂದು ವಿಶ್ವವಿದ್ಯಾನಿಲಯಗಳು ಒಪ್ಪಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಆ ಕಥೆಗೆ ಹೋಗುವ ಮುನ್ನ ಕಮಲನಗರದ ಮಟ್ಟಿಗೆ ಒಂದು ಮಾತು ಹೇಳಬೇಕು.

ನಿಜಾಮರ ಆಳ್ವಿಕೆಯಲ್ಲಿ ಕಮಲನಗರದ ಹುಡುಗನಿಗೆ ಪರದೇಶವೆಂಬುದು ಊರ ಶಾಲೆಯ ಹೊಸ್ತಿಲಲ್ಲೇ ಆರಂಭವಾಗುತ್ತಿತ್ತು. ಆಡಳಿತದ ಭಾಷೆ ಉರ್ದು, ಶಾಲೆಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದು ಮಾಧ್ಯಮದಲ್ಲೇ ಹುಟ್ಟಿತು. ಒಂದು ದೇಶಭಾಷೆಯಲ್ಲಿ ಉಚ್ಚ ಶಿಕ್ಷಣವೆಂಬುದು ದೊಡ್ಡ ಸಾಹಸವೇ ಸರಿ. ಆದರೆ ಅದು ಕನ್ನಡದ ಹುಡುಗನ ಮನೆಮಾತಲ್ಲ. ಕಮಲನಗರದಲ್ಲೇ ಹುಟ್ಟಿ ಭಾಲ್ಕಿಯ ಹಿರೇಮಠದ ಪೀಠವನ್ನೇರಿದ ಚನ್ನಬಸವ ಪಟ್ಟದ್ದೇವರು, ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಪಾಠ ನಡೆಸಿದರೆಂಬುದು ಈ ಸೀಮೆಯ ಮನೆಮನೆಯ ಮಾತು. ನೂರು ವರ್ಷ ದಾಟಿ ಬಾಳಿದ ಅವರು 1999ರಲ್ಲಿ ಲಿಂಗೈಕ್ಯರಾದರು. ಅವರಿಂದ ಅಕ್ಷರ ಕಲಿತವರ ಮೊಮ್ಮಕ್ಕಳು ಇಂದು ಹೊರದೇಶದ ಅರ್ಜಿ ತುಂಬುತ್ತಿದ್ದಾರೆ. ತನ್ನ ಮಾತನ್ನೇ ಕದ್ದು ಕಲಿಯಬೇಕಾದ ನಾಡಿನಲ್ಲಿ ಸ್ವದೇಶವೆಲ್ಲಿ ಮುಗಿಯಿತು, ಪರದೇಶವೆಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಸುಲಭವಲ್ಲ. ಗೆರೆಯನ್ನು 1956ರ ನವೆಂಬರ್ 1ರಂದು ಎಳೆದದ್ದೇನೋ ನಿಜ. ಹಳೆಯ ಬೀದರ ಜಿಲ್ಲೆ ಮೂರಾಗಿ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೂ ಸೇರಿದವು. ಕಮಲನಗರದವರ ಬೀಗರು ಬಹುಪಾಲು ಆಚೆಯ ರಾಜ್ಯದಲ್ಲೇ ಉಳಿದರು.

ಇನ್ನು ಹೊರಗೆ ಹೋದವರ ವಿಚಾರ. ಹೈದರಾಬಾದಿನ ನಿಜಾಮರ ವಿದ್ಯಾರ್ಥಿವೇತನದ ಮೇಲೆ 1895ರಲ್ಲಿ ಹದಿನಾರು ವರ್ಷದ ಸರೋಜಿನಿ ಇಂಗ್ಲೆಂಡಿಗೆ ಹಡಗು ಹತ್ತಿದಳು. ಮುಂದೆ ಸರೋಜಿನಿ ನಾಯ್ಡು ಎಂದು ಜಗತ್ತು ಅರಿತದ್ದು ಅವಳನ್ನೇ. ಬರೋಡೆಯ ಸಯಾಜಿರಾವ್ ಗಾಯಕವಾಡರ ವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದವರು ಭೀಮರಾವ್ ಅಂಬೇಡ್ಕರರು. ಹೋದದ್ದು ಅರ್ಥಶಾಸ್ತ್ರಕ್ಕೆ. ಆದರೆ 1916ರ ಮೇ ತಿಂಗಳಲ್ಲಿ ಮಾನವಶಾಸ್ತ್ರದ ಅಧ್ಯಾಪಕ ಗೋಲ್ಡನ್‌ವೈಜರರ ಗೋಷ್ಠಿಯಲ್ಲಿ ಅವರು ಓದಿದ ಪ್ರಬಂಧ ಭಾರತದ ಜಾತಿಗಳ ಹುಟ್ಟು, ರಚನೆ, ಬೆಳವಣಿಗೆಗಳನ್ನು ಕುರಿತದ್ದು. ಜಾತಿ ಏನೆಂಬುದು ಅಂಬೇಡ್ಕರರಿಗೆ ನ್ಯೂಯಾರ್ಕಿನಲ್ಲಿ ಹೊಸದಾಗಿ ತಿಳಿಯಬೇಕಾಗಿರಲಿಲ್ಲ. ಬಾಲ್ಯದ ಶಾಲೆಯಲ್ಲಿ ಬೇರೆ ಗೋಣಿಯ ಮೇಲೆ ಕೂತಿದ್ದವರು ಅವರು. ಅಲ್ಲಿ ಅವರಿಗೆ ದೊರೆತದ್ದು ಸಾಮಗ್ರಿಯಲ್ಲ. ಅದನ್ನು ಎಲ್ಲರ ಸಮಾನವಾಗಿ ಕುಳಿತು ವಿಚಾರಿಸುವ ಒಂದು ಮೇಜು. 2022ರ ನಿಯಮ 1913ರ ಬರೋಡೆಯಲ್ಲಿ ಇದ್ದಿದ್ದರೆ, ಅರ್ಥಶಾಸ್ತ್ರದ ಅರ್ಜಿ ಹೇಗೋ ದಾಟುತ್ತಿತ್ತು. ಆ ಪ್ರಬಂಧವನ್ನೇ ವಿಷಯವಾಗಿಟ್ಟುಕೊಂಡು ಅರ್ಜಿ ಹಾಕಿದ ದಲಿತ ಹುಡುಗನಿಗೆ ಬಾಗಿಲು ಮುಚ್ಚಿರುತ್ತಿತ್ತು. ಇದನ್ನು ಬರೆದವರು ಯೋಚಿಸಿದ್ದರೋ ಇಲ್ಲವೋ, ನಾವು ಯೋಚಿಸಬೇಕು.

ಕನ್ನಡನಾಡಿನ ಕಡೆಗೆ ಬಂದರೆ ಮೊದಲು ನೆನಪಾಗುವವರು ಮೈಸೂರಿನ ಎಂ. ಎನ್. ಶ್ರೀನಿವಾಸರು. ಮುಂಬಯಿಯಲ್ಲಿ ಘುರ್ಯೆಯವರ ಬಳಿ ಕೊಡಗಿನವರನ್ನು ಕುರಿತು ಅಧ್ಯಯನ ಮಾಡಿ, 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್, ಅವರ ನಂತರ ಇವಾನ್ಸ್-ಪ್ರಿಚರ್ಡ್, ಇವರ ಕೈಕೆಳಗೆ ಅದೇ ಕೊಡಗಿನ ಸಾಮಗ್ರಿಯನ್ನು ಬೇರೊಂದು ಕಣ್ಣಿನಿಂದ ಮತ್ತೆ ಓದಿದರು. 1952ರಲ್ಲಿ ಪುಸ್ತಕವಾಗಿ ಬಂದ ಆ ಪ್ರಬಂಧದಿಂದಲೇ ‘ಸಂಸ್ಕೃತೀಕರಣ’ವೆಂಬ ಪರಿಭಾಷೆ ಜಗತ್ತಿನ ಸಮಾಜಶಾಸ್ತ್ರಕ್ಕೆ ಸೇರಿದ್ದು. ಮಡಿಕೇರಿಯ ಸಾಮಗ್ರಿ ಥೇಮ್ಸ್ ದಡದಲ್ಲಿ ಅರ್ಥ ಕೊಟ್ಟಿತು ಎಂದರೆ ಮಡಿಕೇರಿಗೆ ಅವಮಾನವೇನೂ ಅಲ್ಲ. 1948ರಲ್ಲಿ ಅವರು ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನೆಲಸಿ ಟಿಪ್ಪಣಿ ಮಾಡಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರವೆಂದು ಹೆಸರು. ವರ್ಷಗಟ್ಟಲೆ ಒಪ್ಪಮಾಡಿದ ಆ ಟಿಪ್ಪಣಿಗಳ ಪ್ರತಿಗಳೆಲ್ಲ 1970ರ ಏಪ್ರಿಲಿನಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ, ಕಿಡಿಗೇಡಿಗಳು ಇಟ್ಟ ಬೆಂಕಿಗೆ ಆಹುತಿಯಾದವು. ಆಗ ಅವರು ನೆನಪಿನಿಂದಲೇ ಬರೆಯಲು ಕುಳಿತರು. 1976ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರಿಗೆ ‘ನೆನಪಿನಲ್ಲುಳಿದ ಹಳ್ಳಿ’ ಎಂದೇ ಅರ್ಥ. ಕ್ಯಾಲಿಫೋರ್ನಿಯಾದ ಕಿಟಕಿಯ ಬಳಿ ಕುಳಿತು, ಸುಟ್ಟ ಕಾಗದಗಳ ವಾಸನೆಯ ನಡುವೆ, ಮೈಸೂರು ಸೀಮೆಯ ಗದ್ದೆಯ ಬದುವನ್ನೂ ಗೌಡನ ಜಗಲಿಯನ್ನೂ ನೆನೆಯುತ್ತಿದ್ದ ಆ ವಿದ್ವಾಂಸರನ್ನು ಊಹಿಸಿಕೊಂಡರೆ, ತನ್ನ ಪುಸ್ತಕ ಕಳೆದುಕೊಂಡ ನಿಕಿತಿನ್ ಪಕ್ಕದಲ್ಲೇ ಕುಳಿತಂತೆ ನನಗೆ ಭಾಸವಾಗುತ್ತದೆ.

ಈಗ, ಕಮಲನಗರದ ಹುಡುಗಿ ಓದಹೊರಟ ವಿಷಯಕ್ಕೆ ‘ಸಂಸ್ಕೃತಿ ಅಧ್ಯಯನ’ವೆಂಬ ಹೆಸರು ಬಂದದ್ದು ಹೇಗೆ? 1964ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಇಂಗ್ಲಿಷ್ ವಿಭಾಗದ ಆಶ್ರಯದಲ್ಲಿ ರಿಚರ್ಡ್ ಹೊಗಾರ್ಟ್ ಎಂಬವರು ಸಮಕಾಲೀನ ಸಂಸ್ಕೃತಿಯ ಅಧ್ಯಯನಕ್ಕೆ ಒಂದು ಕೇಂದ್ರವನ್ನು ತೆರೆದರು. ಹೊಗಾರ್ಟ್ ಲೀಡ್ಸ್ ನಗರದ ಕೂಲಿಕಾರರ ಕೇರಿಯಲ್ಲಿ, ತಂದೆತಾಯಿಯಿಲ್ಲದೆ, ಅಜ್ಜಿಯ ಆಶ್ರಯದಲ್ಲಿ ಬೆಳೆದವರು. ಆ ಕೇರಿಯ ಮಾತು, ಹಾಡು, ಅಗ್ಗದ ಪತ್ರಿಕೆಗಳನ್ನು ಕುರಿತು 1957ರಲ್ಲಿ ಬರೆದ ಗ್ರಂಥದಿಂದ ಹೆಸರಾದವರು. ಅದೇ ಕಾಲದಲ್ಲಿ, ಸಂಸ್ಕೃತಿಯೆಂಬುದು ಎಲ್ಲೋ ಗ್ರಂಥಾಲಯದ ಕಪಾಟಿನಲ್ಲಿಲ್ಲ, ಅದು ಸಾಮಾನ್ಯರ ಸಾಮಾನ್ಯ ಬದುಕೇ ಎಂದು ವಾದಿಸುತ್ತಿದ್ದವರು ರೇಮಂಡ್ ವಿಲಿಯಮ್ಸ್. ಅವರ ಹುಟ್ಟೂರು ವೇಲ್ಸ್ ಮತ್ತು ಇಂಗ್ಲೆಂಡುಗಳ ಗಡಿಯ ಒಂದು ಹಳ್ಳಿ. ತಂದೆ ರೈಲ್ವೆಯಲ್ಲಿ ಸಿಗ್ನಲ್ ಹಾಕುವ ನೌಕರ. ಗಡಿ, ರೈಲು, ಎರಡು ಭಾಷೆ. ಕಮಲನಗರದ ಬೆಂಚಿನ ಮೇಲಿನ ಹಿರಿಯರಿಗೆ ಇದನ್ನು ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು.

ಮೂರನೆಯವರು ಸ್ಟುವರ್ಟ್ ಹಾಲ್. ಜಮೈಕಾದ ಕರಿಯ ಹುಡುಗ. 1951ರಲ್ಲಿ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಬಂದು, ಹಿಂದಿರುಗದೆ, ಹೊಗಾರ್ಟರ ನಂತರ ಬರ್ಮಿಂಗ್‌ಹ್ಯಾಮಿನ ಕೇಂದ್ರವನ್ನು 1979ರವರೆಗೆ ನಡೆಸಿದವರು. ಈ ಶಾಸ್ತ್ರ ಇಂಗ್ಲಿಷರದೆಂದು ನಾವು ಭಾವಿಸುವುದುಂಟು. ಅದನ್ನು ಬೆಳೆಸಿದವರು ಅನಾಥ ಹುಡುಗನೊಬ್ಬ, ಗಡಿಯ ಸಿಗ್ನಲ್‌ಗಾರನ ಮಗನೊಬ್ಬ, ಪರದೇಶಿ ವಿದ್ಯಾರ್ಥಿಯೊಬ್ಬ. ಆ ವಿಶ್ವವಿದ್ಯಾನಿಲಯವೇ 2002ರಲ್ಲಿ ಆ ವಿಭಾಗವನ್ನು ಮುಚ್ಚಿತು. ಅಷ್ಟರಲ್ಲಿ ವಿದ್ಯೆ ಲೋಕದ ತುಂಬ ಹರಡಿತ್ತು.

ಆ ಕೇಂದ್ರ ತೆರೆದಾಗ ಅದೇ ವಿಶ್ವವಿದ್ಯಾನಿಲಯದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರೊಬ್ಬರು ಇದ್ದರೆಂಬುದು ಕನ್ನಡಿಗರಿಗೆ ತಿಳಿದ ಸಂಗತಿ. ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ 1963ರಲ್ಲಿ ಅಲ್ಲಿಗೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದರು. ಅವರು ಹೊಗಾರ್ಟರ ಕೇಂದ್ರದ ವಿದ್ಯಾರ್ಥಿಯಲ್ಲ. ಪ್ರಬಂಧದ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕಾರಣ. ಒಂದು ಸಂಜೆ ಅವರು ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಚಿತ್ರವನ್ನು ಅಡಿಬರಹವಿಲ್ಲದೆ ನೋಡಿದರು. ಯುರೋಪಿನವನು ತನ್ನ ಮಧ್ಯಯುಗವನ್ನು ಪುಸ್ತಕ, ವಸ್ತುಸಂಗ್ರಹಾಲಯಗಳಿಂದ ಕಟ್ಟಿಕೊಳ್ಳಬೇಕು, ನಿಮಗಾದರೋ ಎಲ್ಲ ಯುಗಗಳೂ ಒಟ್ಟಿಗೇ ಕಣ್ಣೆದುರಿಗಿವೆ ಎಂಬ ಅರ್ಥದ ಮಾತು, ಅಲ್ಲಿ ಅಧ್ಯಾಪಕರಾಗಿದ್ದ ಮಾಲ್ಕಮ್ ಬ್ರ್ಯಾಡ್‌ಬರಿಯವರೊಡನೆ ಆದ ಚರ್ಚೆಯಲ್ಲಿ ಬಂತೆಂದು ಅವರೇ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಇಡೀ ದಿನ ಇಂಗ್ಲಿಷ್ ಆಡಿ ದಣಿದ ನಾಲಿಗೆಗೆ ಕನ್ನಡದ ಹಸಿವೂ ಇತ್ತು. ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ ಬರೆದದ್ದು ಮಲೆನಾಡಿನ ಒಂದು ಅಗ್ರಹಾರದ ಕಥೆ; 1965ರಲ್ಲಿ ‘ಸಂಸ್ಕಾರ’ ಹೊರಬಂದಿತು. ಸ್ಟುವರ್ಟ್ ಹಾಲ್, ಅನಂತಮೂರ್ತಿ ಇಬ್ಬರೂ 1932ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡವರು. ಇದಕ್ಕೆ ವಿಶೇಷ ಅರ್ಥವೇನೂ ಇಲ್ಲ. ಇತಿಹಾಸ ಓದುವವನ ಕಣ್ಣಿಗೆ ಬಿತ್ತು, ಹೇಳಿದೆ.

‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದ ಎ. ಕೆ. ರಾಮಾನುಜನ್ನರು ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗಲೇ ಆ ಕಡೆಯ ಅಜ್ಜಿಯರಿಂದ ಕಥೆ ಕೇಳಿ ಬರೆದುಕೊಂಡವರು. 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾಕ್ಕೆ ಹೋಗಿ ಭಾಷಾಶಾಸ್ತ್ರ ಓದಿ, ಶಿಕಾಗೋದಲ್ಲಿ ನೆಲೆಸಿದರು. ಅವರ ವಚನಗಳ ಅನುವಾದ 1973ರಲ್ಲಿ ಪೆಂಗ್ವಿನ್ ಪ್ರಕಟಣೆಯಾಗಿ ಬಂತು. ಬಸವಣ್ಣನವರ ಕಲ್ಯಾಣ, ಎಂದರೆ ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣ, ಜಗತ್ತಿನ ಸಾಹಿತ್ಯಾಸಕ್ತರ ಭೂಪಟದಲ್ಲಿ ಗುರುತಾದದ್ದು ಬಹುಮಟ್ಟಿಗೆ ಆ ತೆಳ್ಳನೆಯ ಪುಸ್ತಕದಿಂದ. ಕಾಶ್ಮೀರದಿಂದ, ಆಫ್ಘಾನಿಸ್ತಾನದಿಂದ ಶರಣರು ಕಲ್ಯಾಣಕ್ಕೆ ನಡೆದು ಬಂದರೆಂಬ ಐತಿಹ್ಯ ನಮ್ಮಲ್ಲಿದೆ. ಎಂಟು ಶತಮಾನದ ಮೇಲೆ ಕಲ್ಯಾಣವೇ ಅತ್ತ ನಡೆಯಿತು.

ಇಷ್ಟು ಹೇಳಿ, ಹೊರಗೆ ಹೋದವರಿಗೆ ಮಾತ್ರ ಕಣ್ಣು ತೆರೆಯಿತೆಂದು ನಾನು ಸಾಧಿಸಹೊರಟರೆ ಅದು ಸುಳ್ಳಾಗುತ್ತದೆ. ಧಾರವಾಡದ ಶಂ. ಬಾ. ಜೋಶಿಯವರು ಶಾಲಾ ಮಾಸ್ತರರು. ಹಡಗು ಹತ್ತಲಿಲ್ಲ, ವಿಶ್ವವಿದ್ಯಾನಿಲಯದ ಪದವಿಯ ಬೆಂಬಲವಿರಲಿಲ್ಲ. ಊರ ಹೆಸರು, ದೇವರ ಹೆಸರು, ಕುಲದ ಹೆಸರುಗಳನ್ನು ಕೆದಕುತ್ತಲೇ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಯನ್ನು ಕಟ್ಟಿದರು, 1970ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅವರ ಮಾತೃಭಾಷೆ ಮರಾಠಿ ಎಂಬುದನ್ನು ಮಾತ್ರ ಮರೆಯಬಾರದು. ಕನ್ನಡವನ್ನು ಅವರು ಒಂದು ಹೆಜ್ಜೆ ಆಚೆಯಿಂದ ನೋಡಬಲ್ಲವರಾಗಿದ್ದರು. ಆ ಒಂದು ಹೆಜ್ಜೆ ಕೆಲವರಿಗೆ ಮನೆಯಲ್ಲೇ ಸಿಗುತ್ತದೆ. ಕೆಲವರು ಅದಕ್ಕಾಗಿ ಏಳು ಸಾವಿರ ಕಿಲೋಮೀಟರು ಹೋಗಬೇಕಾಗುತ್ತದೆ. ಎಷ್ಟು ದೂರ ಎಂಬುದು ಓದುವವರ ಪಾಡು.

ಆದರೆ ಹೋಗಲು ಹಣ ಬೇಕು. ಶ್ರೀನಿವಾಸ, ಅನಂತಮೂರ್ತಿಯವರು ಹೋದ ಕಾಲಕ್ಕೆ ಬ್ರಿಟನ್ನಿನಲ್ಲಿ ಅಲ್ಲಿನವರಿಗೂ ಹೊರಗಿನವರಿಗೂ ಒಂದೇ ಶುಲ್ಕವಿತ್ತು. 1967ರಲ್ಲಿ ಮೊದಲ ಬಾರಿಗೆ ಹೊರದೇಶದವರಿಗೆ ಹೆಚ್ಚಿನ ದರ ಬಂತು. 1980ರಿಂದೀಚೆಗೆ ಹೊಸದಾಗಿ ಸೇರುವವರು ಪೂರ್ಣ ವೆಚ್ಚವನ್ನೇ ಕೊಡಬೇಕೆಂಬ ನಿಯಮವಾಯಿತು. ಇಂದು ಬೀದರದ ರೈತನ ಮಗಳು ಅಲ್ಲಿ ಒಂದು ವರ್ಷ ಓದುವ ಖರ್ಚಿಗೆ ಎರಡು ಎಕರೆ ಹೊಲ ಸಾಲದು. ಗವಾನ್ ತನ್ನ ಮದರಸಾದಲ್ಲಿ ದೂರದಿಂದ ಬಂದವರಿಗೆ ಇರಲು ಕೋಣೆಯನ್ನೂ ಉಣ್ಣಲು ಅನ್ನವನ್ನೂ ಕೊಟ್ಟಿದ್ದ. ಹೀಗಿರುವಾಗ ವಿದ್ಯಾರ್ಥಿವೇತನದ ನಿಯಮದಲ್ಲಿ ಒಂದು ಸಾಲು ಸೇರಿತೆಂದರೆ, ಹೊಲವಿದ್ದವರ ಮಕ್ಕಳು ಅದನ್ನು ಓದದೆಯೂ ಹೋಗುತ್ತಾರೆ. ಹೊಲವಿಲ್ಲದವರ ಮಕ್ಕಳಿಗೆ ಆ ಸಾಲೇ ಕಡಲು.

ಕಮಲನಗರದ ಆ ಹಿರಿಯರು ಕಳೆದ ಚಳಿಗಾಲದಲ್ಲಿ ಭಾಲ್ಕಿಯ ಬಸ್‌ ನಿಲ್ದಾಣದಲ್ಲಿ ಮತ್ತೆ ಸಿಕ್ಕರು. ಹೊಲದ ಒಂದು ತುಂಡು ಮಾರಾಟವಾಗಿತ್ತು, ಮೊಮ್ಮಗಳು ಹೋಗಿಯಾಗಿತ್ತು. ಏನು ಓದುತ್ತಿದ್ದಾಳೆಂದು ಕೇಳಿದೆ. ಬೀಸುವಾಗ ಅವರ ಹೆಂಡತಿ ಹಾಡುವ ಹಾಡುಗಳನ್ನು ಕುರಿತು ಬರೆಯುತ್ತಾಳಂತೆ. ಕನ್ನಡದಲ್ಲಿ ಎತ್ತಿ ಮರಾಠಿಯಲ್ಲಿ ಇಳಿಸುವ ಹಾಡುಗಳು. ಬೀಸುಕಲ್ಲು ಮನೆಯ ಹಿಂದೆ ಬಿದ್ದು ಇಪ್ಪತ್ತು ವರ್ಷವಾಗಿದೆ. ಅದನ್ನು ತೊಳೆದು ಒಳಗಿಟ್ಟು, ಮುದುಕಿ ಫೋನಿನ ಮುಂದೆ ಬೀಸುತ್ತ ಹಾಡುತ್ತಾಳಂತೆ.

“ಅಕಿ ಅಲ್ಲಿಂದ ಕೇಳ್ತಾಳ, ಇಕಿ ಇಲ್ಲಿಂದ ಹಾಡ್ತಾಳ. ನಾ ಇಷ್ಟು ವರ್ಷ ಬಾಜೂಕ ಕೂತು ಕೇಳೇ ಇಲ್ರಿ ಸರ್,” ಎಂದರು. ಆಮೇಲೆ ಏನೋ ನೆನಪಾದವರಂತೆ, “ನಿನ್ನಿ ರಾತ್ರಿ ಫೋನ್ ಮಾಡಿದ್ಳು. ಅಜ್ಜ, ಎಳ್ಳಮಾಸಿ ಈ ಸಲ ಯಾವತ್ತು ಬರ್ತದ, ಇಲ್ಲಿ ತಿಳೀವಲ್ದು ಅಂದ್ಳು,” ಎಂದು ಹೇಳಿ, ಅಂಗಿಯ ಜೇಬಿನಿಂದ ಮಡಿಸಿದ ಪಂಚಾಂಗದ ಹಾಳೆಯನ್ನು ತೆಗೆದು, ತಾರೀಖನ್ನು ನನ್ನಿಂದ ಓದಿಸಿಕೊಂಡರು.